ಸಮುದ್ರದಡಿ ಉಳಿದ ಕಂಚಿನ ಪಂಚಾಂಗ

2023ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಪುರಾತನ ಯಂತ್ರವೊಂದು ಜನರನ್ನು ಹಿಂದಿನ ಕಾಲಕ್ಕೆ ಕರೆದೊಯ್ಯುತ್ತದೆ. ಅದು ಕಟ್ಟುಕಥೆ. ಆದರೆ ಕಥೆಗೆ ಮೂಲವಾದ ಯಂತ್ರ ನಿಜಕ್ಕೂ ಇದೆ, ಗ್ರೀಸ್‌ನ ಅಥೆನ್ಸ್ ಮ್ಯೂಸಿಯಂನಲ್ಲಿ.

1901ರಲ್ಲಿ ಆಂಟಿಕಿಥೆರಾ ದ್ವೀಪದ ಬಳಿ, ಎರಡು ಸಾವಿರ ವರ್ಷ ಹಿಂದೆ ಮುಳುಗಿದ್ದ ಹಡಗಿನಿಂದ ವಿಗ್ರಹಗಳ ಜೊತೆ ಕಿಲುಬು ಹಿಡಿದ ಕಂಚಿನ ಗಟ್ಟಿಯೊಂದು ಮೇಲೆ ಬಂತು. ಮರುವರ್ಷ ಅದರಲ್ಲಿ ಹಲ್ಲುಚಕ್ರ ಕಂಡಿತು. 2005ರಲ್ಲಿ ಸ್ಕ್ಯಾನ್ ಮಾಡಿದಾಗ ಒಳಗಿನ ವಿವರ ಸ್ಪಷ್ಟವಾಯಿತು.

ಉಳಿದಿರುವುದೇ 30 ಚಕ್ರ. ಹಿಡಿ ತಿರುಗಿಸಿದರೆ ಮುಳ್ಳುಗಳು ಸೂರ್ಯ, ಚಂದ್ರರ ಸ್ಥಾನ ತೋರಿಸುತ್ತಿದ್ದವು. ಗ್ರಹಣಗಳು 223 ಚಾಂದ್ರಮಾಸಗಳ ನಂತರ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಮರಳುತ್ತವೆ. ಒಂದು ಚಕ್ರಕ್ಕೂ 223 ಹಲ್ಲು ಇದ್ದವೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಒಲಿಂಪಿಕ್ ಕ್ರೀಡೆಗೂ ಒಂದು ಡಯಲ್ ಇತ್ತು. ನಮ್ಮ ಮಾತಲ್ಲಿ ಹೇಳುವುದಾದರೆ, ಕೈಯಲ್ಲಿ ತಿರುಗಿಸುವ ಪಂಚಾಂಗ.

ಇದು ಅನ್ಯಗ್ರಹದವರ ಕೆಲಸ ಎನ್ನುವ ವಿಡಿಯೊಗಳು ನಮ್ಮ ಫೋನಿಗೂ ಬರುತ್ತವೆ. ನಂಬಬೇಡಿ. ಯಂತ್ರದ ಮೇಲೆ ಇರುವುದು ಗ್ರೀಕ್ ಅಕ್ಷರ, ಗ್ರೀಕ್ ತಿಂಗಳ ಹೆಸರು.

ಹಾಗಾದರೆ ಆ ಕಾಲದ ಇಂಥ ಇನ್ನೊಂದು ಯಂತ್ರ ಯಾಕೆ ಸಿಕ್ಕಿಲ್ಲ? ಕಂಚಿಗೆ ಬೆಲೆ ಇತ್ತು, ಹಳೆಯದನ್ನು ಕರಗಿಸಿಬಿಡುತ್ತಿದ್ದರು. ಇದು ಮುಳುಗಿದ್ದರಿಂದಲೇ ಉಳಿಯಿತು. ಅಟ್ಟದ ಮೇಲಿನ ತಾಮ್ರದ ತಗಡನ್ನು ಗುಜರಿಗೆ ಹಾಕುವ ಮುನ್ನ, ಅದರ ಮೇಲೆ ಅಕ್ಷರ ಇದೆಯೇ ಎಂದು ನಾವೂ ಒಮ್ಮೆ ನೋಡೋಣ.