ಸೋತು ಸೋತು ಕಟ್ಟಿದ ಐವರ ಪಾಳಿ

ಒಂದು ತಂಡ ಪೂರ್ತಿ ಮುಳುಗಿದ ಮೇಲೆ ಅದರ ಅಭಿಮಾನಿಗಳಿಗೆ ಉಳಿಯೋದು ಒಂದೇ ಕೆಲಸ. "ಇನ್ನು ಮೂರು ವರ್ಷ ತಡೀರಿ, ಈ ಹುಡುಗ, ಆ ಹುಡುಗ, ಮತ್ತೊಬ್ಬ..." ಅಂತ ಪಟ್ಟಿ ಬರೆಯೋದು. ರಣಜಿ ತಂಡಗಳ ಬಗ್ಗೆ ಇಂಥ ಪಟ್ಟಿಗಳನ್ನು ನಮ್ಮ ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ಈ ವಿದ್ಯೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮಂದಿ ನಮ್ಮನ್ನು ಮೀರಿಸಿದವರು. ನಾನು ಆ ಆಟವನ್ನು ಮೈದಾನದಲ್ಲಿ ಕೂತು ನೋಡಿದವನಲ್ಲ, ಓದಿ ಓದಿ ರುಚಿ ಹತ್ತಿಸಿಕೊಂಡವನು. ಹಾಗೆ ಓದಿದ್ದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಕಥೆ ಅಟ್ಲಾಂಟಾ ಬ್ರೇವ್ಸ್ ತಂಡದ್ದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಅಲ್ಲಿ ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓವರ್ ಹಂಚಿಕೊಳ್ಳುವ ಪದ್ಧತಿ ಇಲ್ಲ. ಆಟ ಶುರು ಮಾಡಿದವನು ತೋಳು ಸೋಲುವ ತನಕ, ಇಲ್ಲವೇ ಚೆನ್ನಾಗಿ ಹೊಡೆಸಿಕೊಳ್ಳುವ ತನಕ, ಒಬ್ಬನೇ ಎಸೆಯುತ್ತಾನೆ. ಒಂದು ದಿನ ಎಸೆದರೆ ಸುಮಾರು ನಾಲ್ಕು ದಿನ ವಿಶ್ರಾಂತಿ ಬೇಕು. ಪಂದ್ಯಗಳೋ, ಆರು ತಿಂಗಳಲ್ಲಿ 162! ಹಾಗಾಗಿ ಐದು ಜನರ ಒಂದು ಪಾಳಿ ಮಾಡುತ್ತಾರೆ. ಅದಕ್ಕೇ ರೊಟೇಶನ್ ಅಂತ ಹೆಸರು. ಪ್ರತಿ ಪಂದ್ಯದ ಗೆಲುವು ಒಬ್ಬ ಪಿಚರ್ ಖಾತೆಗೆ, ಸೋಲು ಇನ್ನೊಬ್ಬನ ಖಾತೆಗೆ ಹೋಗುತ್ತದೆ. 7-17 ಅಂದರೆ ಆ ವರ್ಷ ಏಳು ಗೆಲುವು, ಹದಿನೇಳು ಸೋಲು ಅಂತ ಓದಿಕೊಳ್ಳಿ.

ಈಗ 1988ಕ್ಕೆ ಬನ್ನಿ. ಆ ವರ್ಷ ಅಟ್ಲಾಂಟಾ ಗೆದ್ದದ್ದು 54, ಸೋತದ್ದು 106. ವರ್ಷ ಪೂರ್ತಿ ಸೇರಿಸಿದರೂ ಪ್ರೇಕ್ಷಕರು ಎಂಟೂವರೆ ಲಕ್ಷ ದಾಟಲಿಲ್ಲ. ತಂಡದ ಮಾಲೀಕ ಟೆಡ್ ಟರ್ನರ್ ತನ್ನ ಕೇಬಲ್ ಚಾನೆಲ್ಲಿನಲ್ಲಿ ಪಂದ್ಯಗಳನ್ನು ದೇಶಕ್ಕೆಲ್ಲ ತೋರಿಸುತ್ತಿದ್ದ. ಹಾಗಾಗಿ ಈ ಸೋಲು ಊರೊಳಗೇ ಮುಚ್ಚಿಹೋಗುವಂಥದ್ದೂ ಆಗಿರಲಿಲ್ಲ.

ಆಗ ತಂಡ ಕಟ್ಟುವ ಹೊಣೆ ಇದ್ದದ್ದು ಜನರಲ್ ಮ್ಯಾನೇಜರ್ ಬಾಬಿ ಕಾಕ್ಸ್ ಮೇಲೆ. 1985ರ ಕೊನೆಯಲ್ಲಿ ಬಂದ ಈತ ಎಳೆಯ ಪಿಚರ್‌ಗಳನ್ನು ಒಟ್ಟು ಮಾಡುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಒತ್ತು ಕೊಟ್ಟ. 1987ರ ಆಗಸ್ಟಿನಲ್ಲಿ ಡೆಟ್ರಾಯಿಟ್ ತಂಡಕ್ಕೆ ಪ್ರಶಸ್ತಿಯ ಓಟದಲ್ಲಿ ಒಬ್ಬ ಅನುಭವಿ ಬೇಕಾಗಿತ್ತು. ಅಟ್ಲಾಂಟಾ 36 ವರ್ಷದ ಡಾಯ್ಲ್ ಅಲೆಕ್ಸಾಂಡರನನ್ನು ಕೊಟ್ಟು, ಬದಲಿಗೆ ಜಾನ್ ಸ್ಮೋಲ್ಟ್ಜ್ ಎಂಬ ಇಪ್ಪತ್ತರ ಹುಡುಗನನ್ನು ತಂದಿತು. ಕೆಳಗಿನ ದರ್ಜೆಯ ಲೀಗಿನಲ್ಲಿ ಹುಡುಗನ ಲೆಕ್ಕ ಆಗ 4-10! ಅತ್ತ ಅಲೆಕ್ಸಾಂಡರ್ ಡೆಟ್ರಾಯಿಟಿಗೆ 9-0 ಗೆದ್ದು ಕೊಟ್ಟು, ತಂಡವನ್ನು ವಿಭಾಗದ ಮೊದಲ ಸ್ಥಾನಕ್ಕೆ ಮುಟ್ಟಿಸಿದ. ಆ ದಿನ ಯಾರನ್ನು ಕೇಳಿದ್ದರೂ ಲಾಭ ಡೆಟ್ರಾಯಿಟಿಗೇ ಅನ್ನುತ್ತಿದ್ದರು.

ಇನ್ನೊಬ್ಬ ಟಾಮ್ ಗ್ಲಾವಿನ್, ಎಡಗೈಯವನು. ಐಸ್ ಹಾಕಿಯಲ್ಲೂ ಪಳಗಿದ್ದವನು, 1984ರಲ್ಲಿ ಲಾಸ್ ಏಂಜಲೀಸಿನ ಹಾಕಿ ತಂಡವೂ ಅವನನ್ನು ಆರಿಸಿತ್ತು. 1988ರಲ್ಲಿ ಅವನ ಲೆಕ್ಕ 7-17. ಸ್ಮೋಲ್ಟ್ಜ್ ಅದೇ ವರ್ಷ 2-7. ಮೂರನೆಯವನು ಸ್ಟೀವ್ ಏವರಿ, 1988ರ ಡ್ರಾಫ್ಟಿನಲ್ಲಿ ದೇಶಕ್ಕೇ ಮೂರನೆಯವನಾಗಿ ಆಯ್ಕೆಯಾದ ಹುಡುಗ. 1990ರಲ್ಲಿ ದೊಡ್ಡ ತಂಡಕ್ಕೆ ಬಂದು 3-11 ಮಾಡಿಕೊಂಡ. ಇವರ ಜೊತೆಗೆ ಪೀಟ್ ಸ್ಮಿತ್, ಡೆರೆಕ್ ಲಿಲಿಕ್ವಿಸ್ಟ್, ಟಾಮಿ ಗ್ರೀನ್, ಕೆಂಟ್ ಮರ್ಕರ್ ಅಂತ ಇನ್ನೂ ನಾಲ್ವರು ಇದ್ದರು. ಒಟ್ಟು ಏಳು ಹುಡುಗರು, ಜಾಗ ಐದು. ಈಗ ನೀವೇ ಹೇಳಿ, 1990ರಲ್ಲಿ ಕೂತು ಪಟ್ಟಿ ಬರೆಯಬೇಕಾದರೆ ಯಾರನ್ನು ಬರೆಯುತ್ತಿದ್ದಿರಿ? ಅಲ್ಲಿಗೆ ನಾಲ್ಕು ವರ್ಷದಲ್ಲಿ ಗ್ಲಾವಿನ್ ಒಟ್ಟು ಗೆದ್ದದ್ದು 33, ಸೋತದ್ದು 41.

ಅದೇ 1990ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆ ಅಟ್ಲಾಂಟಾದ್ದಾಗಿತ್ತು. ಎಲ್ಲರ ಕಣ್ಣು ಟಾಡ್ ವ್ಯಾನ್ ಪಾಪೆಲ್ ಎಂಬ ಟೆಕ್ಸಾಸಿನ ಶಾಲಾ ಹುಡುಗನ ಮೇಲೆ. ಹುಡುಗ ಅಟ್ಲಾಂಟಾಗೆ ಬರಲು ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಅಟ್ಲಾಂಟಾ ಚಿಪ್ಪರ್ ಜೋನ್ಸ್ ಎಂಬ ಬ್ಯಾಟರನ್ನು ಆರಿಸಿತು. ಅವನು ಮುಂದೆ ಹಾಲ್ ಆಫ್ ಫೇಮ್ ಸೇರಿದ. ವ್ಯಾನ್ ಪಾಪೆಲ್ ಓಕ್ಲೆಂಡಿಗೆ ಹೋದ. ಓಕ್ಲೆಂಡ್ ಆ ವರ್ಷ ಅವನೂ ಸೇರಿ ನಾಲ್ಕು ಪಿಚರ್‌ಗಳನ್ನು ಮೇಲಿನ ಆಯ್ಕೆಗಳಲ್ಲಿ ಹಿಡಿದಿತ್ತು. ಪತ್ರಿಕೆಗಳು ಅವರನ್ನು ಇಸ್ಪೀಟಿನ ನಾಲ್ಕು ಎಕ್ಕಗಳು ಅಂತ ಕರೆದವು. ಆ ಎಕ್ಕಗಳು ಏನಾದವು? ಡಾನ್ ಪೀಟರ್ಸ್, ಡೇವಿಡ್ ಜಂಕನಾರೊ ದೊಡ್ಡ ಲೀಗಿನ ಮೆಟ್ಟಿಲನ್ನೇ ಹತ್ತಲಿಲ್ಲ. ಕರ್ಕ್ ಡ್ರೆಸೆಂಡಾರ್ಫರ್ 1991ರಲ್ಲಿ ಏಳೇ ಏಳು ಪಂದ್ಯ ಆಡಿದ, ಅಷ್ಟಕ್ಕೇ ಮುಗಿಯಿತು. ವ್ಯಾನ್ ಪಾಪೆಲ್ ಹಲವು ತಂಡ ಸುತ್ತಿ 40-52ಕ್ಕೆ ಆಟ ಮುಗಿಸಿದ.

ಇತ್ತ ಅಟ್ಲಾಂಟಾದಲ್ಲಿ ಕಾಕ್ಸ್ 1990ರ ಜೂನಿನಲ್ಲಿ ತಾನೇ ಮೈದಾನಕ್ಕಿಳಿದು ಮ್ಯಾನೇಜರ್ ಆದ. ಪಿಚಿಂಗ್ ಕೋಚ್ ಆಗಿ ಲಿಯೋ ಮಜೋನಿ ಬಂದ. ಎರಡು ಪಂದ್ಯಗಳ ನಡುವಿನ ದಿನಗಳಲ್ಲಿ ಪೂರ್ತಿ ಬಲ ಹಾಕದೆ ಎರಡು ಸಲ ಎಸೆದು ಕೈ ಪಳಗಿಸಬೇಕು ಎಂಬುದು ಈತನ ಕ್ರಮ. ವರ್ಷದ ಕೊನೆಗೆ ಕಾನ್ಸಾಸ್ ಸಿಟಿಯಿಂದ ಹೊಸ ಜನರಲ್ ಮ್ಯಾನೇಜರ್ ಜಾನ್ ಶೂರ್‌ಹೋಲ್ಜ್ ಬಂದ. ಈತ ಪಿಚರ್‌ಗಳ ಗೊಡವೆಗೆ ಹೆಚ್ಚು ಹೋಗಲಿಲ್ಲ, ಅವರ ಬೆನ್ನ ಹಿಂದೆ ಚೆಂಡು ಹಿಡಿಯುವವರನ್ನು ತಂದ. ಟೆರ್ರಿ ಪೆಂಡಲ್ಟನ್, ಸಿಡ್ ಬ್ರೀಮ್, ರಫಾಯೆಲ್ ಬೆಲಿಯಾರ್ಡ್ ಬಂದರು. ಫೀಲ್ಡರುಗಳು ಚೆಂಡು ಬಿಡುತ್ತಾ ಹೋದರೆ ಎಳೆಯ ಪಿಚರ್ ಎದೆಗುಂದದೆ ಇನ್ನೇನು ಮಾಡಿಯಾನು?

1991ರಲ್ಲಿ ಅದೇ ಹುಡುಗರು ಬೇರೆಯೇ ಆಗಿದ್ದರು. ಗ್ಲಾವಿನ್ 20-11, ಲೀಗಿನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಅವನಿಗೇ. ಇಪ್ಪತ್ತೊಂದರ ಏವರಿ 18-8. ಸ್ಮೋಲ್ಟ್ಜ್ ಕಥೆ ಇನ್ನೂ ವಿಚಿತ್ರ. ಅರ್ಧ ಋತು ಮುಗಿದಾಗ ಅವನು 2-11! ಕಾಕ್ಸ್ ಅವನನ್ನು ಪಾಳಿಯಿಂದ ತೆಗೆಯಲಿಲ್ಲ. ಒಬ್ಬ ಮನಶ್ಶಾಸ್ತ್ರಜ್ಞನ ಸಹಾಯವೂ ಸಿಕ್ಕಿತು. ಉಳಿದ ಅರ್ಧದಲ್ಲಿ ಹುಡುಗ 12-2. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡ ವರ್ಲ್ಡ್ ಸೀರೀಸ್ ಮುಟ್ಟಿತು. ಏಳನೇ ಪಂದ್ಯದಲ್ಲಿ, ಹತ್ತನೇ ಇನ್ನಿಂಗ್ಸಿನಲ್ಲಿ, ಮಿನೆಸೋಟಾ ಎದುರು 1-0 ಅಂತರದಲ್ಲಿ ಸೋತಿತು. ಅಂದು ಆಟ ಶುರು ಮಾಡಿದವನು ಇದೇ ಸ್ಮೋಲ್ಟ್ಜ್, ಒಂದು ರನ್ನೂ ಕೊಡದೆ ಏಳು ಇನ್ನಿಂಗ್ಸ್ ದಾಟಿಸಿದ್ದ. ಆ ವರ್ಷ ಅಟ್ಲಾಂಟಾದಲ್ಲಿ ಪ್ರೇಕ್ಷಕರ ಸಂಖ್ಯೆ 21 ಲಕ್ಷ ದಾಟಿತು.

ಉಳಿದ ನಾಲ್ವರು? ಲಿಲಿಕ್ವಿಸ್ಟ್, ಗ್ರೀನ್ ಇಬ್ಬರನ್ನೂ 1990ರಲ್ಲೇ ಬೇರೆ ತಂಡಗಳಿಗೆ ಕೊಟ್ಟಿದ್ದರು. ಆ ಗ್ರೀನ್ 1991ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ಪರವಾಗಿ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ ಎಸೆದ! ಸ್ಮಿತ್‌ಗೆ ಭುಜದ ತೊಂದರೆ. ಮರ್ಕರ್ ಹೆಚ್ಚಾಗಿ ನಡುವಿನಲ್ಲಿ ಬಂದು ಎಸೆಯುವವನಾದ. 1991ರ ಪಾಳಿಯ ನಾಲ್ಕನೆಯವನಾಗಿ 15 ಪಂದ್ಯ ಗೆದ್ದದ್ದು ಚಾರ್ಲಿ ಲೀಬ್ರಾಂಟ್. ಬೇರೆ ತಂಡದಿಂದ ಬಂದ 34 ವರ್ಷದ ಹಳಬ, ಯಾವ ಭವಿಷ್ಯದ ಪಟ್ಟಿಯಲ್ಲೂ ಇರುವ ವಯಸ್ಸು ಅವನದಾಗಿರಲಿಲ್ಲ.

ಅಟ್ಲಾಂಟಾ ನೋಡಿ ಉಳಿದವರಿಗೂ ಆಸೆ ಹುಟ್ಟಿದ್ದು ಸಹಜ. 1995ರ ಹೊತ್ತಿಗೆ ನ್ಯೂಯಾರ್ಕಿನ ಮೆಟ್ಸ್ ತಂಡ ಬಿಲ್ ಪಲ್ಸಿಫರ್, ಜೇಸನ್ ಇಸ್ರಿಂಗ್‌ಹೌಸನ್, ಪಾಲ್ ವಿಲ್ಸನ್ ಎಂಬ ಮೂವರನ್ನು ನಂಬಿ ಕೂತಿತ್ತು. 'ಜನರೇಶನ್ ಕೆ' ಅಂತ ಹೆಸರೂ ಬಿತ್ತು. ಒಬ್ಬನ ಮೊಣಕೈ ಸರಿಯಾಗುವಷ್ಟರಲ್ಲಿ ಇನ್ನೊಬ್ಬನ ಭುಜ. ಮೂವರೂ ಒಟ್ಟಿಗೆ ಮೆಟ್ಸ್ ಪಾಳಿಯಲ್ಲಿ ಒಂದೇ ಒಂದು ಸುತ್ತು ಕೂಡ ಎಸೆಯಲಿಲ್ಲ. ಡ್ರಾಫ್ಟಿನಲ್ಲಿ ಮೊಟ್ಟಮೊದಲನೆಯವನಾಗಿ ಬಂದ ವಿಲ್ಸನ್ ಅಂಥ ದೊಡ್ಡ ಹೆಸರು ಮಾಡಲಿಲ್ಲ. 44ನೇ ಸುತ್ತಿನಲ್ಲಿ ಆಯ್ಕೆಯಾದ ಇಸ್ರಿಂಗ್‌ಹೌಸನ್ ಪಂದ್ಯದ ಕೊನೆ ಕಾಯುವ ಪಿಚರ್ ಆಗಿ 300 ಪಂದ್ಯ ಉಳಿಸಿಕೊಟ್ಟ.

ಅಟ್ಲಾಂಟಾದ ಮೂವರಲ್ಲೂ ಒಬ್ಬ ಜಾರಿದ. 1990ರ ದಶಕದ ಮೊದಲಲ್ಲಿ ಮೂವರಲ್ಲಿ ಜನ ಹೆಚ್ಚು ಕೊಂಡಾಡಿದ್ದು ಏವರಿಯನ್ನು. 1993ರ ಸೆಪ್ಟೆಂಬರಿನಲ್ಲಿ ಅವನ ತೋಳಿನ ಕೆಳಗಿನ ಬೆನ್ನಿನ ಸ್ನಾಯು ನೋಯಿತು. ಆಮೇಲೆ ಆ ಹಳೇ ವೇಗ ಬರಲೇ ಇಲ್ಲ. ಒಟ್ಟು 96 ಗೆಲುವಿಗೆ ಅವನ ಲೆಕ್ಕ ನಿಂತಿತು. ಗ್ಲಾವಿನ್ 305 ಗೆದ್ದು 2014ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಸ್ಮೋಲ್ಟ್ಜ್ 2000ದಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಎದ್ದು ಬಂದು, 2015ರಲ್ಲಿ ಅಲ್ಲಿಗೇ ಸೇರಿದ.

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಕಾಕ್ಸ್‌ಗೆ ಭವಿಷ್ಯ ಗೊತ್ತಿರಲಿಲ್ಲ. ಐದು ಜಾಗಕ್ಕೆ ಏಳು ಜನರನ್ನು ಇಟ್ಟುಕೊಂಡ, ಮತ್ತು 7-17 ಆದವನ ಕೈಗೂ ಐದನೇ ದಿನ ಮತ್ತೆ ಚೆಂಡು ಕೊಟ್ಟ. ಸೋಲುವುದಕ್ಕೂ ಸರದಿ ಬೇಕು, ಸ್ವಾಮಿ! ಎಷ್ಟೋ ಹುಡುಗರಿಗೆ ಅದೇ ಸಿಗುವುದಿಲ್ಲ. ಸಿಕ್ಕವರಲ್ಲೂ ಕೆಲವರ ತೋಳು ಮೊದಲೇ ಕೈಕೊಡುತ್ತದೆ, ಅದು ಯಾರ ತಪ್ಪೂ ಅಲ್ಲ. ಜಂಕನಾರೊ, ಪೀಟರ್ಸ್ ಇವರಿಗೂ 1990ರಲ್ಲಿ ಏವರಿಗೆ ಇದ್ದಷ್ಟೇ ಕನಸು ಇದ್ದಿರಬೇಕಲ್ಲವೇ?

ಈಗಲೂ ಯಾವುದಾದರೂ ಸೋತ ತಂಡದ ಮುಂದಿನ ಪಾಳಿಯ ಪಟ್ಟಿ ಕಣ್ಣಿಗೆ ಬಿದ್ದರೆ, ಮೊದಲ ಮೂರು ಹೆಸರನ್ನು ನಾನು ಗಡಿಬಿಡಿಯಲ್ಲೇ ದಾಟುತ್ತೇನೆ. ಆರನೇ, ಏಳನೇ ಹೆಸರು ಯಾರದ್ದು ಅಂತ ನೋಡುತ್ತೇನೆ. ಮತ್ತೆ ಆ ಊರಿನವರಿಗೆ ಇನ್ನೆಷ್ಟು ಸೋಲು ತಡೆದುಕೊಳ್ಳುವ ತಾಳ್ಮೆ ಇದೆ ಅಂತ ಲೆಕ್ಕ ಹಾಕುತ್ತೇನೆ.