ಸಾಲು ಕರಗದ ಕಾಟಾ, ಕೆಲಸ ಸಾಗದ ಗಣಕ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಘಟಪ್ರಭೆ, ಹಿರಣ್ಯಕೇಶಿಗಳ ನೀರುಂಡು ಬೆಳೆದ ಕಬ್ಬು ಟ್ರ್ಯಾಕ್ಟರಿನ ಜೋಡಿ ಡಬ್ಬಿಗಳಲ್ಲಿ, ಲಾರಿಗಳಲ್ಲಿ, ಎತ್ತಿನ ಗಾಡಿಗಳಲ್ಲಿ ಕಾರ್ಖಾನೆಯ ಹಾದಿ ಹಿಡಿಯುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ನಂಬರ್ ಚೀಟಿ, ಕಾಟಾದಲ್ಲಿ ತೂಕ, ಯಾರ್ಡಿನಲ್ಲಿ ಕಾಯುವಿಕೆ, ಆಮೇಲೆ ಗಾಣ. ಸಾಲು ಬೆಳೆದಂತೆ ರೈತನ ಆತಂಕವೂ ಬೆಳೆಯುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗಿದಷ್ಟೂ ತೂಕವೂ ಹೋಯಿತು, ಸಕ್ಕರೆಯ ಇಳುವರಿಯೂ ಹೋಯಿತು.

ಈಗ ಒಂದು ವಿಚಿತ್ರ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಇರುವವನು ಒಬ್ಬನೇ ಆಳು. ಗಾಡಿ ತೂಗುವವನೂ ಅವನೇ, ಗಾಣಕ್ಕೆ ಕಬ್ಬು ಊಡುವವನೂ ಅವನೇ. ಅವನಿಗೆ ಮಾಲೀಕ ಒಂದು ಕಟ್ಟಪ್ಪಣೆ ಮಾಡಿದ್ದಾನೆ: ಬಾಗಿಲಲ್ಲಿ ಹಾರ್ನ್ ಕೇಳಿಸಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಹೋಗಿ ಆ ಗಾಡಿಯನ್ನು ತೂಗಬೇಕು. ತಾಸಿಗೆ ಹತ್ತು ಗಾಡಿ ಬರುವಾಗ ಈ ಅಪ್ಪಣೆಯಿಂದ ಯಾವ ತೊಂದರೆಯೂ ಇಲ್ಲ. ಯಾರೂ ಕಾಯುವುದಿಲ್ಲ, ಗಾಣವೂ ತಿರುಗುತ್ತದೆ. ತಾಸಿಗೆ ನೂರು ಗಾಡಿ ಬಂದಾಗ ಏನಾಗುತ್ತದೆ? ಆಳು ತೂಗುತ್ತಲೇ ಇರುತ್ತಾನೆ. ಗಾಣ ನಿಂತುಹೋಗುತ್ತದೆ. ಯಾರ್ಡು ಭರ್ತಿಯಾಗುತ್ತದೆ. ಆಮೇಲೂ ಅವನು ಹಾರ್ನಿಗೆ ಓಗೊಟ್ಟು ಗಾಡಿ ತೂಗಿ, ಒಳಗೆ ಜಾಗವಿಲ್ಲವೆಂದು ಅದನ್ನು ಹಿಂದಕ್ಕೆ ಕಳಿಸುತ್ತಾನೆ. ದಿನವಿಡೀ ಬೆವರು ಸುರಿಸಿದರೂ ಸಂಜೆ ಲೆಕ್ಕ ನೋಡಿದರೆ ಒಂದು ಚೀಲ ಸಕ್ಕರೆಯೂ ಇಲ್ಲ.

ಇಂಥ ಕಾರ್ಖಾನೆಯನ್ನು ಯಾವ ಜಾಣ ಮಾಲೀಕನೂ ಕಟ್ಟಲಾರ. ಆದರೆ ಗಣಕಯಂತ್ರಗಳ ಲೋಕದಲ್ಲಿ ಹಲವು ವರ್ಷಗಳ ಕಾಲ ಕಟ್ಟುತ್ತಿದ್ದುದು ಇಂಥವನ್ನೇ. ಆ ರೋಗವನ್ನು ಗುರುತಿಸಿ, ಹೆಸರಿಟ್ಟು, ಮದ್ದು ಸೂಚಿಸಿದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಎಂಬುದು ಕನ್ನಡನಾಡಿನಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ.

ಕರೆಗಂಟೆಯ ಕಾಲ

ಒಂದು ಗಣಕದಿಂದ ಇನ್ನೊಂದಕ್ಕೆ ಹೋಗುವ ಮಾಹಿತಿ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಇವಕ್ಕೆ ಪ್ಯಾಕೆಟ್‌ಗಳೆಂದು ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಅಂಚೆ ಲಕೋಟೆಯ ಮೇಲಿರುವಂತೆ ವಿಳಾಸ ಇರುತ್ತದೆ. ತಂತಿಯ ಮೂಲಕ ಬಂದ ಪ್ಯಾಕೆಟ್ಟನ್ನು ಮೊದಲು ಹಿಡಿಯುವುದು ಜಾಲದ ಕಾರ್ಡು. ಅಲ್ಲಿಂದ ಅದನ್ನು ಎತ್ತಿಕೊಂಡು, ವಿಳಾಸ ನೋಡಿ, ಸರಿಯಿದೆಯೇ ಎಂದು ಪರೀಕ್ಷಿಸಿ, ಬೇಕಾದ ತಂತ್ರಾಂಶಕ್ಕೆ ಮುಟ್ಟಿಸುವ ಹೊಣೆ ಆಪರೇಟಿಂಗ್ ಸಿಸ್ಟಂನದು.

ಕಾರ್ಡಿಗೆ ಪ್ಯಾಕೆಟ್ ಬಂದಿದೆ ಎಂದು ಗಣಕಕ್ಕೆ ಗೊತ್ತಾಗುವುದು ಹೇಗೆ? ಎರಡು ದಾರಿಗಳಿವೆ. ಗಣಕವೇ ಆಗಾಗ ಹೋಗಿ ‘ಏನಾದರೂ ಬಂತೇ’ ಎಂದು ವಿಚಾರಿಸುವುದು ಒಂದು. ಇದು ಪೋಲಿಂಗ್. ಬಂದಾಗ ಕಾರ್ಡೇ ಗಂಟೆ ಬಾರಿಸಿ ಗಣಕವನ್ನು ಕರೆಯುವುದು ಇನ್ನೊಂದು. ಇದು ಇಂಟರಪ್ಟ್. 1950ರ ದಶಕದಲ್ಲಿ ಬಳಕೆಗೆ ಬಂದ ಈ ಎರಡನೆಯ ಉಪಾಯ ಆ ಕಾಲಕ್ಕೆ ದೊಡ್ಡ ವರವೇ ಆಗಿತ್ತು. ನಿಧಾನವಾದ ಟೇಪು, ಮುದ್ರಣಯಂತ್ರಗಳಿಗಾಗಿ ದುಬಾರಿ ಗಣಕ ಸುಮ್ಮನೆ ಕಾಯುವುದು ತಪ್ಪಿತು. ಗಂಟೆ ಬಾರಿಸಿದರೆ ಬರುತ್ತೇನೆ, ಅಲ್ಲಿಯವರೆಗೆ ನನ್ನ ಲೆಕ್ಕ ನನಗೆ ಎಂಬ ಏರ್ಪಾಟು ಅದು.

1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲ ಇಂದಿನ ಇಂಟರ್‌ನೆಟ್ಟಿನ ನಿಯಮಾವಳಿಗೆ ಬದಲಾಯಿತು. ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯನ್ನು ಹೊರತಂದಿತು. ಜಾಲದ ಕೆಲಸಕ್ಕೆ ಅನೇಕ ಕಡೆ ಮೇಲ್ಪಂಕ್ತಿಯಾದದ್ದು ಅದರ ರಚನೆ. ಅದರಲ್ಲಿ ಕೆಲಸ ಮೂರು ಮೆಟ್ಟಿಲುಗಳಲ್ಲಿ ನಡೆಯುತ್ತಿತ್ತು. ಗಂಟೆ ಬಾರಿಸಿದಾಗ ಕಾರ್ಡಿನಿಂದ ಪ್ಯಾಕೆಟ್ ಎತ್ತಿ ಸಾಲಿನಲ್ಲಿಡುವುದು ಮೊದಲನೆಯದು. ಬಿಡುವಾದಾಗ ಸಾಲಿನಿಂದ ತೆಗೆದು ವಿಳಾಸ ನೋಡುವುದು ಎರಡನೆಯದು. ಕೊನೆಗೆ ಅದನ್ನು ಬಯಸಿದ ತಂತ್ರಾಂಶ ಎದ್ದು ಓದಿಕೊಳ್ಳುವುದು ಮೂರನೆಯದು. ಮೊದಲ ಮೆಟ್ಟಿಲಿಗೆ ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ, ಕೊನೆಯದಕ್ಕೆ ಎಲ್ಲಕ್ಕಿಂತ ಕಡಿಮೆ. ನಮ್ಮ ಕಾಟಾದ ಆಳಿಗೆ ಸಿಕ್ಕ ಅಪ್ಪಣೆಯೂ ಇದೇ ಅಲ್ಲವೇ?

ಸಂಚಾರ ವಿರಳವಾಗಿದ್ದಷ್ಟು ಕಾಲ ಈ ದೋಷ ಕಣ್ಣಿಗೆ ಬೀಳಲಿಲ್ಲ. ಆದರೆ ಸೆಕೆಂಡಿಗೆ 10 ಮೆಗಾಬಿಟ್ ಒಯ್ಯುವ ಹಳೆಯ ಈಥರ್‌ನೆಟ್ ತಂತಿಯೇ ಅತಿ ಸಣ್ಣ ಪ್ಯಾಕೆಟ್‌ಗಳನ್ನು ಸೆಕೆಂಡಿಗೆ ಸುಮಾರು 14,880ರಷ್ಟು ತಂದು ಸುರಿಯಬಲ್ಲುದು. ವೇಗ ಹತ್ತು ಪಟ್ಟಾದರೆ ಈ ಸಂಖ್ಯೆಯೂ ಹತ್ತು ಪಟ್ಟಾಗುತ್ತದೆ.

ರೋಗಕ್ಕೊಂದು ಹೆಸರು

ಕೆ.ಕೆ. ರಾಮಕೃಷ್ಣನ್ 1978ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಂ.ಟೆಕ್. ಪಡೆದು ಅಮೆರಿಕಕ್ಕೆ ಹೋದವರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಡಾಕ್ಟರೇಟ್ ಮುಗಿಸಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಸೇರಿದರು. ಅಲ್ಲಿ ಅವರ ಜೊತೆಗಾರರಾದ ರಾಜ್ ಜೈನ್ ಕೂಡ ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿ. ಜಾಲದಲ್ಲಿ ದಟ್ಟಣೆ ಹೆಚ್ಚುವ ಮೊದಲೇ ನಡುದಾರಿಯ ಯಂತ್ರ ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಬಿಟ್ ಗುರುತು ಹಾಕಿ, ಕಳಿಸುವವನಿಗೆ ‘ನಿಧಾನಿಸು’ ಎಂದು ತಿಳಿಸುವ ಉಪಾಯವನ್ನು ಇವರಿಬ್ಬರೂ 1988ರಲ್ಲಿ ಮುಂದಿಟ್ಟರು. ಕಬ್ಬಿನ ಭಾಷೆಯಲ್ಲಿ ಹೇಳುವುದಾದರೆ, ಯಾರ್ಡು ತುಂಬುತ್ತಿರುವಾಗ ಹೊಲಕ್ಕೆ ಸುದ್ದಿ ಮುಟ್ಟಿಸಿ ಕಟಾವು ನಿಧಾನಿಸುವುದು. ಈ ವಿಚಾರದ ಮುಂದುವರಿಕೆಯೇ 2001ರಲ್ಲಿ ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್, ಡೇವಿಡ್ ಬ್ಲ್ಯಾಕ್ ಅವರ ಹೆಸರಿನಲ್ಲಿ ಇಂಟರ್‌ನೆಟ್ಟಿನ ಅಧಿಕೃತ ನಿಯಮವಾಗಿ ಪ್ರಕಟವಾಯಿತು.

ಆದರೆ ಎಲ್ಲ ಗಾಡಿಗಳೂ ಸುದ್ದಿಗೆ ಕಿವಿಗೊಡುವುದಿಲ್ಲ. ಬಂದೇ ಬಿಟ್ಟರೆ ಏನು ಮಾಡಬೇಕು? 1990ರ ದಶಕದ ಆರಂಭದಲ್ಲಿ ರಾಮಕೃಷ್ಣನ್ ಈ ಪ್ರಶ್ನೆಯನ್ನೂ ಎತ್ತಿಕೊಂಡರು. ಬರುವ ಪ್ಯಾಕೆಟ್ಟುಗಳನ್ನು ಬರಮಾಡಿಕೊಳ್ಳುವುದರಲ್ಲೇ ಗಣಕದ ಶಕ್ತಿಯೆಲ್ಲ ಮುಗಿದು, ಮುಂದಿನ ಕೆಲಸ ಶೂನ್ಯವಾಗುವ ಸ್ಥಿತಿಗೆ ‘ರಿಸೀವ್ ಲೈವ್‌ಲಾಕ್’ ಎಂದು ಹೆಸರಾಯಿತು. ಇದು ಗಣಕ ಸ್ತಬ್ಧವಾಗಿ ನಿಲ್ಲುವ ರೋಗವಲ್ಲ. ಗಣಕ ಜೀವಂತವಿದೆ, ಎಡೆಬಿಡದೆ ದುಡಿಯುತ್ತಲೂ ಇದೆ. ದುಡಿಮೆಯ ಫಲ ಮಾತ್ರ ಯಾರಿಗೂ ಇಲ್ಲ. ಬರುವ ಹರಿವು ತುಸು ತಗ್ಗಿದರೆ ತಾನೇ ಚೇತರಿಸಿಕೊಳ್ಳುತ್ತದೆ.

1996ರ ಜನವರಿಯಲ್ಲಿ ರಾಮಕೃಷ್ಣನ್ ಮತ್ತು ಡಿಜಿಟಲ್ ಕಂಪನಿಯ ಜೆಫ್ರಿ ಮೊಗಲ್ ಸೇರಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ರೋಗವನ್ನು ಅಂಕಿಗಳಲ್ಲಿ ತೋರಿಸಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿ ಆಗ ಐದು ತಿಂಗಳಷ್ಟೇ ಆಗಿತ್ತು. ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವ ಅವರ ಗಣಕ ಸೆಕೆಂಡಿಗೆ ಸುಮಾರು 4,700 ಪ್ಯಾಕೆಟ್‌ಗಳವರೆಗೆ ತಾಳಿಕೊಂಡಿತು. ಆಮೇಲೆ ಹೆಚ್ಚು ಬಂದಷ್ಟೂ ಕಡಿಮೆ ದಾಟಿಸತೊಡಗಿತು. ಪ್ರತಿ ಪ್ಯಾಕೆಟ್ಟನ್ನೂ ಪರೀಕ್ಷಿಸಿ ಬಿಡುವ ಕಾವಲು ತಂತ್ರಾಂಶವೊಂದನ್ನು ಜೋಡಿಸಿದಾಗ ಸ್ಥಿತಿ ಇನ್ನೂ ಕೆಟ್ಟಿತು. ಗರಿಷ್ಠ ಸಾಮರ್ಥ್ಯ 2,000ಕ್ಕೆ ಇಳಿಯಿತು. ಬರುವ ಪ್ಯಾಕೆಟ್‌ಗಳು ಸುಮಾರು 6,000 ಮುಟ್ಟುವ ಹೊತ್ತಿಗೆ ಆಚೆ ಹೋಗುವ ಸಂಖ್ಯೆ ಸೊನ್ನೆಯಾಯಿತು.

ಅವರು ಸೂಚಿಸಿದ ಮದ್ದು ಸರಳವಾದದ್ದು. ಮೊದಲ ಗಂಟೆಗೆ ಓಗೊಡಬೇಕು. ಆದರೆ ಓಗೊಟ್ಟೊಡನೆ ಗಂಟೆಯ ನಾಲಿಗೆ ಕಟ್ಟಿಬಿಡಬೇಕು. ಆಮೇಲೆ ಗಣಕವೇ ತನ್ನ ಬಿಡುವಿನಂತೆ ಕಾರ್ಡಿನ ಬಳಿ ಹೋಗಿ, ಒಂದು ಸರದಿಗೆ ಇಷ್ಟೇ ಎಂಬ ಪಾಲಿನ ಪ್ರಕಾರ ಪ್ಯಾಕೆಟ್ ಎತ್ತಿಕೊಂಡು, ಅವನ್ನು ಕೊನೆಯ ಮೆಟ್ಟಿಲಿನವರೆಗೆ ಮುಟ್ಟಿಸಬೇಕು. ಮುಂದಿನ ಸಾಲು ತುಂಬುತ್ತಿದ್ದರೆ ಎತ್ತುವುದನ್ನು ನಿಲ್ಲಿಸಬೇಕು. ಕಾರ್ಡು ಬರಿದಾದಾಗ ಮತ್ತೆ ಗಂಟೆ ಬಿಚ್ಚಬೇಕು. ಹೀಗೆ ಮಾಡಿದರೆ ಹೆಚ್ಚಾಗಿ ಬಂದ ಪ್ಯಾಕೆಟ್‌ಗಳು ಬಾಗಿಲಲ್ಲೇ, ಯಾವ ಶ್ರಮವೂ ವ್ಯರ್ಥವಾಗದೆ ಬಿದ್ದುಹೋಗುತ್ತವೆ. ಒಳಗೆ ಬಂದವುಗಳ ಕೆಲಸ ಮಾತ್ರ ಪೂರ್ತಿಯಾಗುತ್ತದೆ. ಬೀಳಿಸಲೇಬೇಕಾದದ್ದನ್ನು ಅದಕ್ಕಾಗಿ ದುಡಿಯುವ ಮೊದಲೇ ಬೀಳಿಸು ಎಂಬುದು ಇಡೀ ಪ್ರಬಂಧದ ತಿರುಳು.

ಹಿಡಕಲ್ ಹೇಳುವ ಮಾತು

ಸಾಲನ್ನೇ ಉದ್ದ ಮಾಡಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವೇ ಉತ್ತರ ಹೇಳುತ್ತದೆ. ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ ಮಳೆಗಾಲದ ಹರಿವನ್ನು ಕೂಡಿಟ್ಟು ಬೇಸಿಗೆಗೆ ಕೊಡುತ್ತದೆ. ಆದರೆ 2019ರ ಆಗಸ್ಟ್‌ನಲ್ಲಿ ಮಳೆ ಎಡೆಬಿಡದೆ ಸುರಿದಾಗ ಬಂದ ನೀರನ್ನು ಕೆಳಗೆ ಬಿಡದೆ ಗತಿಯಿರಲಿಲ್ಲ. ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಕೂಡಿಡುವ ಜಾಗ ಅಲ್ಪಕಾಲದ ಉಬ್ಬರವನ್ನು ನುಂಗಬಲ್ಲುದೇ ಹೊರತು, ಒಳಹರಿವು ಹೊರಹರಿವಿಗಿಂತ ಸತತವಾಗಿ ಹೆಚ್ಚಾದಾಗ ಅದರಿಂದ ಪರಿಹಾರವಿಲ್ಲ. ಗಣಕದಲ್ಲಂತೂ ಉದ್ದ ಸಾಲು ಇನ್ನೊಂದು ಕೇಡು ತರುತ್ತದೆ: ಪ್ಯಾಕೆಟ್ ತನ್ನ ಸರದಿ ಬರುವಷ್ಟರಲ್ಲಿ ಹಳಸಿರುತ್ತದೆ. ಒಣಗಿದ ಕಬ್ಬಿನಂತೆ.

ಮೊಗಲ್ ಮತ್ತು ರಾಮಕೃಷ್ಣನ್ ಅವರ ವಿಚಾರ ಜನಬಳಕೆಗೆ ಬಂದದ್ದು ಲಿನಕ್ಸ್ ಮೂಲಕ. 2001ರಲ್ಲಿ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೋವ್ ಎಂಬ ಮೂವರು ಇದೇ ತತ್ವದ ಮೇಲೆ ‘ನ್ಯಾಪಿ’ ಎಂಬ ಏರ್ಪಾಟನ್ನು ಮಂಡಿಸಿದರು. ಸಂಚಾರ ಕಡಿಮೆಯಿದ್ದಾಗ ಗಂಟೆ, ಹೆಚ್ಚಾದಾಗ ಸರದಿ. ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್‌ಗಳ ಮಿತಿ. ಮುಂದೆ ತಂತಿಯ ವೇಗ ಸೆಕೆಂಡಿಗೆ 10 ಗಿಗಾಬಿಟ್ ತಲುಪಿದಾಗ ಲೆಕ್ಕ ಇನ್ನೂ ಬಿಗಿಯಾಯಿತು. ಅತಿ ಸಣ್ಣ ಪ್ಯಾಕೆಟ್‌ಗಳಾದರೆ ಒಂದರ ಹಿಂದೊಂದು ಕೇವಲ 67 ನ್ಯಾನೋಸೆಕೆಂಡಿನಲ್ಲಿ ಬಂದಿಳಿಯುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಕ್ಕೂ ಮಿಕ್ಕಿ ಪ್ಯಾಕೆಟ್‌ಗಳು!

ಹಾಗಾಗಿ ಹೊಸ ಉಪಾಯಗಳು ಬಂದವು. ಒಂದೇ ಸಂಪರ್ಕಕ್ಕೆ ಸೇರಿದ ಪ್ಯಾಕೆಟ್‌ಗಳನ್ನು ಬಾಗಿಲಲ್ಲೇ ಒಟ್ಟುಗೂಡಿಸಿ ಒಂದೇ ಹೊರೆಯಾಗಿ ಮೇಲಕ್ಕೆ ಕಳಿಸುವ ವಿಧಾನವನ್ನು ಹರ್ಬರ್ಟ್ ಶು ರೂಪಿಸಿದರು. ಅದು 2009ರಲ್ಲಿ ಲಿನಕ್ಸ್ ಸೇರಿತು. ಬಂದ ಪ್ಯಾಕೆಟ್‌ಗಳನ್ನು ಗಣಕದ ಹಲವು ಸಂಸ್ಕಾರಕಗಳಿಗೆ ಹಂಚುವ ಟಾಮ್ ಹರ್ಬರ್ಟ್ ಅವರ ವಿಧಾನ 2010ರಲ್ಲಿ ಬಂತು. ಒಂದೇ ಕಾಟಾ ಇದ್ದಲ್ಲಿ ನಾಲ್ಕು ಕಾಟಾ ಹೂಡಿದಂತೆ. ಬೇಡದ ಪ್ಯಾಕೆಟ್ಟನ್ನು ಕಾರ್ಡಿನ ಹೊಸ್ತಿಲಲ್ಲೇ ಗುರುತಿಸಿ ಎಸೆಯುವ ಎಕ್ಸ್‌ಡಿಪಿ ಎಂಬ ಏರ್ಪಾಟು 2016ರದು. ಬೇಕೆಂದೇ ಪ್ಯಾಕೆಟ್‌ಗಳ ಮಹಾಪೂರ ಹರಿಸಿ ಸೇವೆಗಳನ್ನು ಕೆಡವುವ ಕಿಡಿಗೇಡಿಗಳ ಎದುರು ಇಂದು ಇದೊಂದು ಮುಖ್ಯ ಅಡ್ಡಗೋಡೆ.

ಈ ಉಪಾಯಗಳಾವುವೂ ಪುಕ್ಕಟೆಯಲ್ಲ. ಹೊರೆ ಕಟ್ಟಲು ಕಾದರೆ ಮೊದಲು ಬಂದ ಪ್ಯಾಕೆಟ್ಟಿಗೆ ವಿಳಂಬ. ಗಂಟೆ ಬಾರಿಸುವುದನ್ನು ತಡೆದರೆ ಅವಸರದ ಸುದ್ದಿಯೂ ಸರದಿ ಕಾಯಬೇಕು. ಸದಾ ಬಾಗಿಲಲ್ಲೇ ನಿಂತು ನೋಡಿದರೆ ಗಾಡಿ ಬಾರದ ಹೊತ್ತಿನಲ್ಲೂ ವಿದ್ಯುತ್ ಖರ್ಚು. ಹಾಗಾಗಿ ಯಾವ ಕೆಲಸಕ್ಕೆ ಯಾವ ಅಳತೆ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಇದರಿಂದ ಗೋಕಾಕದ ಅಂಗಡಿಕಾರನಿಗೆ, ಮೂಡಲಗಿಯ ವಿದ್ಯಾರ್ಥಿಗೆ, ಹುಕ್ಕೇರಿಯ ರೈತನಿಗೆ ಏನಾಗಬೇಕು? ಆಗಬೇಕಾದದ್ದು ಬಹಳವಿದೆ. 2000ದ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಗಣಕ ಸೇರಿತು. ಎಸ್ಸೆಸ್ಸೆಲ್ಸಿ ಫಲಿತಾಂಶ, ಪಿಂಚಣಿ, ಅಂಗಡಿಯಲ್ಲಿ ಮೊಬೈಲಿನಿಂದ ತೆರುವ ಹಣ ಎಲ್ಲವೂ ಈಗ ಪ್ಯಾಕೆಟ್‌ಗಳಾಗಿಯೇ ಓಡಾಡುತ್ತವೆ. ‘ಸರ್ವರ್ ಬಿಜಿ’ ಎಂಬ ಮಾತು ಹಳ್ಳಿಯ ಅಜ್ಜಿಗೂ ಪರಿಚಿತ. ಅದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಲೈವ್‌ಲಾಕಿನ ತಲೆಗೆ ಕಟ್ಟಲಾಗದು. ಆದರೆ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಫಲಿತಾಂಶ ಕೇಳಿದಾಗ, ಬಂದವರೆಲ್ಲರ ಕದ ತೆರೆಯುವುದರಲ್ಲೇ ಸುಸ್ತಾಗದೆ, ಸಾಧ್ಯವಾದಷ್ಟು ಮಕ್ಕಳಿಗಾದರೂ ಅಂಕಪಟ್ಟಿ ಮುಟ್ಟಿಸುವ ವಿವೇಕ ಆ ಯಂತ್ರಕ್ಕೆ ಇರಬೇಕಾಗುತ್ತದೆ.

ಆ ವಿವೇಕವನ್ನು ಯಂತ್ರಕ್ಕೆ ಮನುಷ್ಯರೇ ಕಲಿಸಬೇಕಾಯಿತು. ಮನುಷ್ಯರಿಗೆ ಅದು ಕಾರ್ಖಾನೆಯ ಯಾರ್ಡಿನಲ್ಲಿ, ಅಣೆಕಟ್ಟಿನ ಬಾಗಿಲಲ್ಲಿ ಮೊದಲೇ ಪರಿಚಿತವಾಗಿತ್ತು. ದಣಿವು ಬೇರೆ, ದುಡಿಮೆಯ ಫಲ ಬೇರೆ. ಎಷ್ಟು ಗಾಡಿ ತೂಗಿದೆವೆಂಬುದಕ್ಕಿಂತ ಎಷ್ಟು ಕಬ್ಬು ನುರಿಸಿದೆವು ಎಂಬುದೇ ಹಂಗಾಮಿನ ಕೊನೆಗೆ ಉಳಿಯುವ ಲೆಕ್ಕ.