ಸಾಂಕ್ರಾಮಿಕಗಳು ಮತ್ತು ಅಸಂಘಟಿತ ಕಾರ್ಮಿಕರ ಮನೆವಾರ್ತೆ

ಮಹಾಮಾರಿ ಹಬ್ಬಿದಾಗ ದಿನಗೂಲಿಯ ಮನೆಗೆ ಬೀಳುವ ಪೆಟ್ಟು ಎಲ್ಲ ಕಾಲಕ್ಕೂ ಒಂದೇ ಬಗೆಯದಲ್ಲ. ಹಳೆಯ ಪಿಡುಗುಗಳಲ್ಲಿ ದುಡಿಯುವವರೇ ಕಡಿಮೆಯಾಗಿ ಉಳಿದವರ ಕೂಲಿ ಏರಿದ್ದುಂಟು. 2020ರ ಕೋವಿಡ್‌ನಲ್ಲಿ ದುಡಿಯುವವರಿದ್ದರು, ಕೆಲಸವೇ ನಿಂತುಹೋಯಿತು.

1896ರಲ್ಲಿ ಪ್ಲೇಗ್ ಮುಂಬಯಿಗೆ ಕಾಲಿಟ್ಟಾಗ ಗಿರಣಿಯ ಕೆಲಸಗಾರರು ಗುಂಪುಗುಂಪಾಗಿ ಊರುಗಳತ್ತ ಓಡಿದರು. ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಮಾಲೀಕರು ಪೈಪೋಟಿಗೆ ಬಿದ್ದು, ತಿಂಗಳ ಬಟವಾಡೆಗೆ ಕಾಯಿಸದೆ ಅಂದಂದೇ ಕೂಲಿ ಕೊಡತೊಡಗಿದರು. 1918ರ ಇನ್‌ಫ್ಲುಯೆಂಜಾ ಕಾಲದ ಸಂಕಟ ಬೇರೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಮೊದಲ ಮಹಾಯುದ್ಧದಿಂದಾಗಿ ಧಾನ್ಯದ ಬೆಲೆ ಗಗನಕ್ಕೇರಿತ್ತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ಪಡೆದ ಆ ಜ್ವರದಿಂದ ಬದುಕುಳಿದವರಿಗೆ ಕೂಲಿಗಿಂತ ಕಾಳಿನ ಬೆಲೆಯೇ ದೊಡ್ಡ ಚಿಂತೆಯಾಯಿತು.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು. ಬೆಂಗಳೂರಿನ ಕಟ್ಟಡ ಕೆಲಸ, ಗಾರ್ಮೆಂಟ್ಸ್, ಆಟೊ, ಬೀದಿಬದಿ ವ್ಯಾಪಾರ, ಮನೆಗೆಲಸ ಎಲ್ಲವೂ ಒಟ್ಟಿಗೆ ನಿಂತವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಆ ಏಪ್ರಿಲ್–ಮೇನಲ್ಲಿ ಕರ್ನಾಟಕವೂ ಸೇರಿದಂತೆ 12 ರಾಜ್ಯಗಳ ಸುಮಾರು 5,000 ಕಾರ್ಮಿಕರನ್ನು ಫೋನಿನಲ್ಲಿ ವಿಚಾರಿಸಿತು. ಮೂವರಲ್ಲಿ ಇಬ್ಬರು ಕೆಲಸ ಕಳೆದುಕೊಂಡಿದ್ದರು. ನಗರಗಳಲ್ಲಂತೂ ಹತ್ತರಲ್ಲಿ ಎಂಟು ಮಂದಿ. ಶೇ 77ರಷ್ಟು ಮನೆಗಳಲ್ಲಿ ಊಟದ ಪ್ರಮಾಣವೇ ಇಳಿದಿತ್ತು.

ಖರ್ಚು ಕಡಿತ ಹಾಲು, ಮೊಟ್ಟೆ, ತರಕಾರಿಯಿಂದ ಶುರುವಾಗುತ್ತಿತ್ತು. ಮನೆ ಬಾಡಿಗೆ ಬಾಕಿ ಬೀಳುತ್ತಿತ್ತು. ಕೈಸಾಲವೂ ಹುಟ್ಟದಿದ್ದಾಗ ಓಲೆ, ಬಳೆ ಗಿರವಿ ಅಂಗಡಿ ಸೇರುತ್ತಿದ್ದವು. ರಿಸರ್ವ್ ಬ್ಯಾಂಕ್ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟರೂ ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ. ಇಷ್ಟರ ನಡುವೆ ಮಕ್ಕಳ ಆನ್‌ಲೈನ್ ಪಾಠಕ್ಕೆ ಮೊಬೈಲ್, ರೀಚಾರ್ಜ್ ಎಂಬ ಹೊಸ ಖರ್ಚು ಬೇರೆ.

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದಿದ್ದವರು, ಮೇ ಮೊದಲ ವಾರದಲ್ಲಿ ಸರ್ಕಾರ ಉಚಿತ ಬಸ್ ಬಿಟ್ಟಾಗ ಊರಿನ ದಾರಿ ಹಿಡಿದರು. ಅಲ್ಲಿ ಆಸರೆಯಾದದ್ದು ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ, ನರೇಗಾ: ಕರ್ನಾಟಕದಲ್ಲಿ ಆಗ ದಿನಕ್ಕೆ 275 ರೂಪಾಯಿ ಕೂಲಿ. 2020–21ರಲ್ಲಿ ದೇಶದ ಸುಮಾರು 7.5 ಕೋಟಿ ಕುಟುಂಬಗಳು ಈ ಯೋಜನೆಯಡಿ ದುಡಿದವು.

ಕೇಂದ್ರ ಸರ್ಕಾರ ತಲೆಗೆ 5 ಕಿಲೊ ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳು 500 ರೂಪಾಯಿಯಂತೆ ಹಾಕಿತು. ರಾಜ್ಯ ಸರ್ಕಾರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿ ಕ್ಷೌರಿಕರು, ಮಡಿವಾಳರು, ಆಟೊ–ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ 5,000 ರೂಪಾಯಿ ಘೋಷಿಸಿತು. ಕಲ್ಯಾಣ ಮಂಡಳಿಯಲ್ಲಿ ಹೆಸರಿದ್ದ ಕಟ್ಟಡ ಕಾರ್ಮಿಕರ ಖಾತೆಗೆ ಹಣ ಹಾಕುವುದು ಸುಲಭವಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ ಮನೆಗೆಲಸದವರಿಗೆ, ಹಮಾಲರಿಗೆ ನೆರವು ತಲುಪಿಸುವ ದಾರಿಯೇ ಇರಲಿಲ್ಲ.

ಈ ಕೊರತೆ ತುಂಬಲು 2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರ ನೋಂದಣಿಗೆ ಕೇಂದ್ರ ಸರ್ಕಾರದ ಇ–ಶ್ರಮ್ ಪೋರ್ಟಲ್ ಬಂತು. ನೋಂದಾಯಿಸಿದವರಿಗೆ ಗುರುತಿನ ಸಂಖ್ಯೆ, ಅಪಘಾತ ವಿಮೆ ಸಿಕ್ಕವು. ಕೆಲಸ ನಿಂತ ದಿನಗಳ ಕೂಲಿ ತುಂಬಿಕೊಡುವ ಏರ್ಪಾಡು ಅದರಲ್ಲಿರಲಿಲ್ಲ.